ಸೊಸೆಯ ಉಲ್ಟಾ ಲಾಗ

೧. ನೀರು, ಸಾಕು

ಸೊಸೆ ಹುಕ್ಕೇರಿಯಿಂದ ಸಂಜೆ ಬಸ್ಸಿಗೆ ವಾಪಸು ಬಂದಳು. ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ ಹೋದಳು. ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಗೋಡೆಯಾಚೆಯ ಮಾತು ಕೇಳಿಸಿತು.

“ಏನಾತು?” ಎಂದಳು ನನ್ನ ಹೆಂಡತಿ.

“ಓಡಂದ್ರು, ಓಡಿದೆ. ಖೊಖೊ ಆಡಂದ್ರು, ಆಡಿದೆ. ಕಡೀಕ ಎರಡು ರಿಂಗ್ ತೋರಿಸಿ, ಇವನ್ನ ಹಿಡಕೊಂಡು ಉಲ್ಟಾ ಲಾಗ ಹೊಡಿ ಅಂದ್ರು. ಹಿಡಕೊಂಡೆ ಅಷ್ಟರಿ ಅತ್ತಿ.”

ಹುಕ್ಕೇರಿಯ ಒಂದು ಶಾಲೆಗೆ ಡ್ರಿಲ್ ಕಲಿಸುವ ಅಕ್ಕೋರು ಬೇಕಾಗಿದ್ದರು. ಹೊಸ ಹಾಲ್ ಕಟ್ಟಿ, ಮಾಡಿನಿಂದ ರಿಂಗ್ ಇಳಿಬಿಟ್ಟಿದ್ದರು. ರಿಂಗ್ ಹಿಡಿದು ಕಾಲು ಮೇಲೆತ್ತಿ, ಹಿಂದಕ್ಕೆ ಉರುಳಿ ಇಳಿಯಬೇಕು. ಬಂದ ಯಾರಿಗೂ ಆಗಲಿಲ್ಲವಂತೆ. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದರು.

“ಈ ಸಲ ಆಗಲಿಲ್ಲಂದ್ರ ಸರ್ಟಿಫಿಕೇಟೆಲ್ಲಾ ಅಟ್ಟಕ್ಕ ಹಾಕತೇನಿ,” ಎಂದಳು ಸೊಸೆ. “ಮೂರು ವರ್ಷ ಆತ್ರಿ ಅರ್ಜಿ ಹಾಕಾಕತ್ತು. ಸಾಕಾಗೈತಿ.”

“ಮನ್ಯಾಗ ಡ್ರಿಲ್ ಮಾಸ್ತರ ಕುಂತಾರ. ಮೂವತ್ತು ವರ್ಷ ಮಂದಿ ಮಕ್ಕಳಿಗೆ ಕಲಿಸ್ಯಾರ. ಸೊಸಿಗೆ ಕಲಿಸಾಕ ಏನ ಧಾಡಿ?”

ಧಾಡಿ ಇತ್ತು. ನಮ್ಮ ಮನೆಯಲ್ಲಿ ಮಾವ, ಸೊಸೆ ಎದುರಾಬದುರು ಮಾತಾಡುವ ಪದ್ಧತಿ ಇಲ್ಲ. ನಾನು ಮೊದಲೇ ಮಾತು ಕಡಿಮೆಯವನು. ಆಕೆ ನಮ್ಮ ಮೂಡಲಗಿ ಮನೆಗೆ ಬಂದು ಮೂರು ವರ್ಷದಲ್ಲಿ ನಾನು ಆಕೆಗೆ ಆಡಿದ್ದು ಎರಡೇ ಮಾತು. ಊಟಕ್ಕೆ ಕುಳಿತಾಗ ‘ನೀರು’. ಬಡಿಸುವಾಗ ‘ಸಾಕು’.

ಹೆಂಡತಿ ಹೊರಗೆ ಬಂದಳು. “ನಾಳಿಂದ ಚಾಲೂ ಮಾಡ್ರಿ.”

“ಹೂಂ,” ಎಂದೆ.

ಆಕೆ ಒಳಗೆ ಹೋಗಿ ಸೊಸೆಗೆ ಹೇಳಿದಳು: “ಭಾಳ ಖುಷಿಯಿಂದ ಒಪ್ಪಿದ್ರು ನೋಡ.”

೨. ಗಾದಿ

ಗೋಕಾಕದಲ್ಲಿ ವೆಲ್ಡಿಂಗ್ ಅಂಗಡಿಯವನಿಂದ ಎರಡು ಕಬ್ಬಿಣದ ರಿಂಗ್ ಮಾಡಿಸಿದೆ. ಕೈ ಜಾರದಂತೆ ಬಟ್ಟೆ ಸುತ್ತಿದೆ. ಕಬ್ಬಿನ ಟ್ರಾಲಿಗೆ ಬಿಗಿಯುವ ಹಗ್ಗದಲ್ಲಿ ಅಂಗಳದ ಬೇವಿನ ಗಿಡಕ್ಕೆ ಕಟ್ಟುವುದೆಂದು ಠರಾಯಿಸಿದೆ. ಕೆಳಗೆ ಹಾಸಲು ಗಾದಿ ಬೇಕಿತ್ತು. ಅದೇ ಓಣಿಯಲ್ಲಿ ಗಾದಿ ಹೊಲಿಯುವ ಚಾಚಾ ಇದ್ದಾನೆ. ನನ್ನ ವಯಸ್ಸಿನವನೇ.

“ಒಬ್ಬರಿಗೋ, ಇಬ್ಬರಿಗೋ?” ಎಂದ.

“ಒಬ್ಬಾಕೀಗಿ.”

“ಮೆತ್ತಗಿರಬೇಕೋ, ಗಟ್ಟಿ ಇರಬೇಕೋ?”

“ತಲಿ ಕೆಳಗಾಗಿ ಬಿದ್ರ ಪೆಟ್ಟ ಹತ್ತಬಾರದು.”

ಚಾಚಾ ಸೂಜಿ ಕೆಳಗಿಟ್ಟ. “ಯಾರು ಬೀಳತಾರ?”

“ಸೊಸಿ.”

“ಎಲ್ಲಿಂದ?”

“ಗಿಡದಿಂದ.”

“ಒಮ್ಮೆ ಬಿದ್ದಾಳೇನ?”

“ಇನ್ನ ಬಿದ್ದಿಲ್ಲ. ನಾಳಿಂದ ಬೀಳತಾಳ. ಮುಂಜಾನೆ ಹತ್ತು ಸಲ, ಸಂಜೀಕ ಹತ್ತು ಸಲ.”

ಚಾಚಾ ನನ್ನ ಮುಖವನ್ನೇ ನೋಡಿದ. ಆಮೇಲೆ ಕೇಳಿದ, “ಹುಡುಗಿ ಯಾವೂರಾಕಿ?”

“ಘೋಡಗೇರಿ.”

ಚಾಚಾ ಸೂಜಿ ಎತ್ತಿಕೊಂಡ. ಹೇಳಿದ್ದಕ್ಕಿಂತ ಎರಡು ಕಿಲೋ ಹತ್ತಿ ಜಾಸ್ತಿ ತುಂಬಿದ. ಆ ಹತ್ತಿಯ ರೊಕ್ಕಕ್ಕೆ ನಾನು ಕಿಸೆಗೆ ಕೈ ಹಾಕಿದರೆ ತಡೆದ.

“ಹೆಚ್ಚಿಂದು ನಿಮ್ಮ ಸಲುವಾಗಿ ಹಾಕಿಲ್ರಿ,” ಎಂದ. “ಆ ಹುಡುಗಿ ಸಲುವಾಗಿ ಹಾಕೇನಿ.”

೩. ನಡುವೆ ಒಬ್ಬಳು

ಉಲ್ಟಾ ಲಾಗ ಕಲಿಯುವವರ ಸೊಂಟಕ್ಕೆ ಒಂದು ಕೈ, ಹೆಗಲಿಗೆ ಒಂದು ಕೈ ಆಸರೆ ಕೊಡಬೇಕು. ಸೊಸೆಯನ್ನು ನಾನು ಮುಟ್ಟುವಂತಿಲ್ಲ. ಮಗನಿಗೆ ಸಕ್ಕರೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಆಸರೆಗೆ ಹೆಂಡತಿ ನಿಂತಳು. ನಾನು ಹತ್ತು ಹೆಜ್ಜೆ ದೂರ ನಿಂತೆ.

“ಅಕೀಗಿ ಹೇಳು, ರಿಂಗ್ ಬಿಗಿ ಹಿಡಿ ಅಂತ.”

“ರಿಂಗ್ ಬಿಗಿ ಹಿಡೀಬೇಕಂತವಾ.”

ಕಾಲು ನೆಲದ ಮೇಲಿದ್ದಾಗ ಇದು ನಡೆಯಿತು. ಕಾಲು ಮೇಲೆ ಹೋದ ಮೇಲೆ ನಡೆಯಲಿಲ್ಲ. ಸೊಸೆ ಅರ್ಧಕ್ಕೆ ಏರಿ ಜೋತುಬಿದ್ದಳು.

“ಅಕೀಗಿ ಹೇಳು, ಮೊಳಕಾಲು ಎದಿಗಿ ಹಚ್ಚು ಅಂತ.”

“ಯವ್ವಾ, ಮಾವಾರು ಏನ ಹೇಳಾಕತ್ತಾರಂದ್ರ, ನಿನ್ನ ಮೊಳಕಾಲ ಅದಾವಲ್ಲಾ, ಅವನ್ನ ಒಂದೀಟು...”

ಸೊಸೆ ಗಾದಿಯ ಮೇಲೆ ಬಿದ್ದಿದ್ದಳು. ಚಾಚಾ ತುಂಬಿದ ಹತ್ತಿ ಉಪಯೋಗಕ್ಕೆ ಬಂತು.

ಏಳು ಸಲ ಹೀಗೇ ಆಯಿತು. ಎಂಟನೆಯ ಸಲ ಸೊಸೆ ಬಿದ್ದಲ್ಲಿಂದಲೇ ಹೇಳಿದಳು: “ಮಾವಾರಿಗೆ ಹೇಳ್ರಿ ಅತ್ತಿ, ಬಿದ್ದ ಮ್ಯಾಲೆ ಹೇಳಿದ್ರ ಏನ ಉಪಯೋಗಂತ.”

ಹತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಆದರೂ ಹೆಂಡತಿ ನನ್ನ ಕಡೆ ತಿರುಗಿದಳು.

“ಕಲಿಸೂದು ಭಾಳ ಚಲೋ ಐತಿ ಅನ್ನಾಕತ್ತಾಳ.”

೪. ಕನ್ನಡಿ

ಎರಡನೆಯ ವಾರ ಕಾಲು ಪೂರ್ತಿ ಮೇಲೆ ಹೋಗತೊಡಗಿದವು. ಹೋದರೆ ನೆಟ್ಟಗೆ ನನ್ನ ಮುಖದ ಕಡೆಗೇ ಬರುತ್ತಿದ್ದವು. ಹಿರಿಯರಿಗೆ ಕಾಲು ತೋರಿಸಿದ ಪಾಪ. ಸೊಸೆ ಇಳಿದವಳೇ ಓಡಿ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದಳು. ಹೋಗಿ ಮತ್ತೆ ರಿಂಗ್ ಹಿಡಿಯುತ್ತಿದ್ದಳು. ಮತ್ತೆ ಬರುತ್ತಿದ್ದಳು. ಇಪ್ಪತ್ತು ಸಲ ಏರಿದರೆ ಇಪ್ಪತ್ತು ನಮಸ್ಕಾರ. ಮೂರನೆಯ ದಿನ ಆಕೆಯ ಸೊಂಟ ಹಿಡಿಯಿತು. ಲಾಗದಿಂದಲ್ಲ, ನಮಸ್ಕಾರದಿಂದ.

ನಾನು ಬೆನ್ನು ತಿರುಗಿಸಿ ನಿಂತೆ. ದಾಡಿ ಮಾಡುವ ಕನ್ನಡಿಯನ್ನು ಕಂಪೌಂಡ್ ಗೋಡೆಗೆ ತೂಗುಹಾಕಿ, ಅದರಲ್ಲಿ ನೋಡುತ್ತ ಹೇಳಿಕೊಟ್ಟೆ.

“ಬಲಗೈ ಮಡಚತಾಳ. ನೆಟ್ಟಗ ಇಡು ಅಂತ ಹೇಳು.”

ಸೊಸೆ ನಾಲ್ಕು ದಿನ ಬಲಗೈಯನ್ನು ತಿದ್ದಿದಳು. ಕೈ ಮಡಚುವುದು ನಿಲ್ಲಲಿಲ್ಲ. ಐದನೆಯ ದಿನ ಅದೇ ಕನ್ನಡಿಯ ಮುಂದೆ ದಾಡಿ ಮಾಡಿಕೊಳ್ಳುವಾಗ ನನಗೆ ಹೊಳೆಯಿತು. ಆಕೆ ಮಡಚುತ್ತಿದ್ದದ್ದು ಎಡಗೈ.

ಯಾರಿಗೂ ಹೇಳಲಿಲ್ಲ. “ಬಲಗೈ ಮುಗೀತು. ಇವತ್ತಿಂದ ಎಡಗೈ ಪಾಳಿ ಅಂತ ಹೇಳು,” ಎಂದೆ.

ಹೆಂಡತಿ ಸೊಸೆಗೆ ಹೇಳಿದಳು: “ನೋಡ, ಹೆಂಗ ಪದ್ಧತಶೀರ ಕಲಿಸತಾರ.”

೫. ಕಾನಟೋಪಿ

ಸೊಸೆ ನನ್ನ ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಲು ಹೆಂಡತಿ ಅಡ್ಡಿ ಮಾಡಲಿಲ್ಲ. ಆದರೆ ಮಾವನ ಮುಂದೆ ಬರಿತಲೆ ನಡೆಯುವುದಿಲ್ಲ. ನಾನು ಬೆನ್ನು ತಿರುಗಿಸಿದ್ದರೂ ನಡೆಯುವುದಿಲ್ಲ. ಕನ್ನಡಿ ಇದೆಯಲ್ಲ.

ಸೊಸೆ ತಲೆಗೆ ಓಢಣಿ ಸುತ್ತಿಕೊಂಡಳು. ತಲೆಕೆಳಗಾದ ಕೂಡಲೇ ಅದು ಬಿಚ್ಚಿ ಮುಖ ಮುಚ್ಚಿತು. “ಕತ್ತಲಾತ್ರಿ ಅತ್ತಿ,” ಎಂದು ಮೇಲಿಂದ ದನಿ ಬಂತು.

ಹೆಂಡತಿ ಟ್ರಂಕಿನಿಂದ ನನ್ನ ಕಾನಟೋಪಿ ತೆಗೆದಳು. ಥಂಡಿಯಲ್ಲಿ ಹೊಲಕ್ಕೆ ಹೋಗುವಾಗ ಹಾಕುವ ಉಣ್ಣೆಯ ಟೋಪಿ. ಕಿವಿ, ಬಾಯಿ, ಕುತ್ತಿಗೆ ಎಲ್ಲ ಮುಚ್ಚುತ್ತದೆ. ಎರಡು ಕಣ್ಣು ಕಾಣುತ್ತವೆ. ಅದು ಉದುರುವುದಿಲ್ಲ, ಬಿಚ್ಚುವುದಿಲ್ಲ.

ಆಗ ಮಾರ್ಚ್ ಕೊನೆ. ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಸೊಸೆಯ ಬೆವರು ಟೋಪಿಯಿಂದ ತೊಟ್ಟಿಕ್ಕುವುದನ್ನು ಕನ್ನಡಿಯಲ್ಲಿ ನೋಡಿದೆ.

“ಟೋಪಿ ತೆಗಿ ಅಂತ ಹೇಳು,” ಎಂದೆ.

“ಅದನ್ನ ನಾ ಹೇಳಾಂಗಿಲ್ಲ,” ಎಂದಳು ಹೆಂಡತಿ. “ಅಕಿ ಮುಚ್ಚಿಕೊಂಡಿದ್ದು ನಿಮ್ಮ ಮರ್ಯಾದಿಗೆ. ಬೇಕಾದ್ರ ನೀವ ಹೇಳ್ರಿ.”

ಟೋಪಿ ಉಳಿಯಿತು.

೬. ಘೋಡಗೇರಿಯವರು

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಸೊಸೆ ಆಸರೆಯಿದ್ದರೆ ಪೂರ್ತಿ ತಿರುಗುತ್ತಿದ್ದಳು. ಅತ್ತೆ ಕೈ ತೆಗೆಯುತ್ತೇನೆಂದರೆ ಸಾಕು, ಕಾಲು ಕೆಳಗಿಳಿಸುತ್ತಿದ್ದಳು. ಒಮ್ಮೆಯೂ ತಾನೊಬ್ಬಳೇ ಹೊಡೆದಿರಲಿಲ್ಲ. ಅಟ್ಟದ ಮೇಲೆ ಸರ್ಟಿಫಿಕೇಟಿಗೆ ಜಾಗ ನೋಡಿಟ್ಟಿದ್ದಾಳೆಂದು ಹೆಂಡತಿ ಹೇಳಿದಳು.

ಆ ಬೆಳಿಗ್ಗೆ ಗೇಟಿನ ಮುಂದೆ ಜೀಪು ನಿಂತಿತು. ನಾನು ಅದನ್ನು ಕನ್ನಡಿಯಲ್ಲಿ ನೋಡಿದೆ. ಜನ ಇಳಿದರು. ಎಣಿಸಿದೆ, ಎಂಟು. ಮುಂದೆ ನಮ್ಮ ಬೀಗರು, ಸೊಸೆಯ ಅಪ್ಪ. ಕೈಯಲ್ಲಿ ಕೋಲು. ಹಿಂದೆ ಆಕೆಯ ಅಣ್ಣಂದಿರು.

ಅವರಿಗೆ ಕಂಡದ್ದು ಇಷ್ಟು. ಮಗಳು ಮುಖ ಮುಚ್ಚಿಕೊಂಡು ಬೇವಿನ ಗಿಡಕ್ಕೆ ತಲೆಕೆಳಗಾಗಿ ನೇತಾಡುತ್ತಿದ್ದಾಳೆ. ಅತ್ತೆ ಸೊಂಟ ಹಿಡಿದಿದ್ದಾಳೆ. ಮಾವ ಆ ಕಡೆ ತಿರುಗಿ ಕನ್ನಡಿ ನೋಡಿಕೊಳ್ಳುತ್ತಿದ್ದಾನೆ.

“ಬೀಗರ,” ಎಂದರು ಅವರು. ಕೋಲು ನೆಲಕ್ಕೆ ಕುಟ್ಟಿದರು. “ನಮ್ಮ ಹುಡುಗಿ ಏನ ತಪ್ಪ ಮಾಡ್ಯಾಳ?”

ಬಿಡಿಸಿ ಹೇಳಬೇಕಾಗಿತ್ತು. ನನಗೆ ಬಿಡಿಸಿ ಹೇಳುವುದು ಬರುವುದಿಲ್ಲ.

“ಎಷ್ಟ ಹೇಳಿದ್ರೂ ಅಕೀಗಿ ಬರವಲ್ದು,” ಎಂದೆ. “ಬರೂತನಕ ಇಳಸಾಂಗಿಲ್ಲ.”

ದೊಡ್ಡ ಅಣ್ಣ ಅಂಗಿಯ ತೋಳು ಮಡಿಸಿದ. ಹೆಂಡತಿ ಗಾಬರಿಯಾಗಿ ಎರಡೂ ಕೈ ಬಿಟ್ಟಳು.

ಸೊಸೆ ತಿರುಗಿದಳು. ಮೊಳಕಾಲು ಎದೆಗೆ ಬಂದವು, ಕಾಲು ತಲೆಯ ಹಿಂದೆ ಇಳಿದವು, ಗಾದಿಯ ಮೇಲೆ ನೆಟ್ಟಗೆ ನಿಂತಳು. ಯಾರ ಕೈಯೂ ಇರಲಿಲ್ಲ. ಟೋಪಿ ಕಿತ್ತಳು.

“ಬಂತ್ರಿ ಅತ್ತಿ, ನನಗ ಬಂತು,” ಎಂದಳು. ಆಮೇಲೆ ನೋಡಿದಳು. “ಅಪ್ಪಾ, ನೀ ಯಾವಾಗ ಬಂದಿ?”

ಬೀಗರ ಕೋಲು ಕೆಳಗೆ ಬಿತ್ತು. ಅವರು ಗಾದಿಯ ಮೇಲೆ ಕುಳಿತುಬಿಟ್ಟರು. ಸೊಸೆ ಹುಕ್ಕೇರಿ ಶಾಲೆಯ ಸಂಗತಿಯೆಲ್ಲ ಹೇಳಿದಳು. ಅವರು ತಲೆಗೆ ಸುತ್ತಿದ ಪಟಗಾದ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. ಮತ್ತೆ ಒರೆಸಿಕೊಂಡರು.

ಆಗ ಜೀಪಿನ ಹಿಂದಿನಿಂದ ಒಂಬತ್ತನೆಯವನು ಇಳಿದ. ಗೋಕಾಕದ ಗಾದಿ ಚಾಚಾ. ಹಿಂದಿನ ದಿನ ಮೂಡಲಗಿ ಸಂತೆಗೆ ಬಂದವನು, ಮನಸ್ಸು ತಡೆಯದೆ ನಮ್ಮ ಕಂಪೌಂಡಿನಿಂದ ಹಣಿಕಿ ನೋಡಿ, ನೆಟ್ಟಗೆ ಘೋಡಗೇರಿಗೆ ಹೋಗಿದ್ದ. ಬಗಲಲ್ಲಿ ಒಂದು ಹೊಸ ತಲೆದಿಂಬು ಇತ್ತು. ಹುಡುಗಿಗೆಂದು ತಂದಿದ್ದನಂತೆ.

ನಾನು ಅವನನ್ನು ನೋಡಿದೆ. ಅವನು ಬಗ್ಗಿ ಗಾದಿಯನ್ನು ಒತ್ತಿ ನೋಡಿದ.

“ಹತ್ತಿ ಒಂದೀಟೂ ಕುಂತಿಲ್ಲ,” ಎಂದ.

ಒಂಬತ್ತೂ ಮಂದಿಗೆ ಹೆಂಡತಿ ಉಪ್ಪಿಟ್ಟು ಮಾಡಿದಳು. ಬೀಗರು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಆ ದಿಂಬನ್ನು ತಲೆಗಿಟ್ಟುಕೊಂಡು, ಅದೇ ಗಾದಿಯ ಮೇಲೆ ಸಂಜೆಯ ತನಕ ಗೊರಕೆ ಹೊಡೆದರು. ಆ ದಿನದ ಇಪ್ಪತ್ತರಲ್ಲಿ ಸಂಜೆಯ ಹತ್ತು ಲಾಗ ಬಾಕಿ ಉಳಿಯಿತು.

೭. ಹುಕ್ಕೇರಿ

ಶಾಲೆಯ ಹೊಸ ಹಾಲ್ ಒಳಗೆ ಅಭ್ಯರ್ಥಿಯ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. “ಮಾಸ್ತರ ನೀವು, ನೀವ ಹೋಗ್ರಿ,” ಎಂದು ಹೆಂಡತಿ ಗೇಟಿನ ಹೊರಗೆ ನಿಂತಳು. ನನ್ನ, ಸೊಸೆಯ ನಡುವೆ ಯಾರೂ ಉಳಿಯಲಿಲ್ಲ.

ಒಳಗೆ ಹೆಡ್ ಮಾಸ್ತರು ಕುಳಿತಿದ್ದರು. ಪರೀಕ್ಷೆ ಮಾಡಲು ಬಂದವರು ಹೊರಗಿನ ಶಾಲೆಯ ಹಳೆಯ ಡ್ರಿಲ್ ಮಾಸ್ತರು. ಕೊರಳಲ್ಲಿ ಸೀಟಿ. ಅವರು ನನ್ನ ಬಾಜೂ ಬಂದು ನಿಂತರು.

ಸೊಸೆ ಚೀಲದಿಂದ ಕಾನಟೋಪಿ ತೆಗೆದು ಹಾಕಿಕೊಂಡಳು.

“ಥಂಡಿ ಆಗೈತೇನವಾ?” ಎಂದರು ಪರೀಕ್ಷಕರು.

“ಇಲ್ರಿ. ಮಾವಾರು ಅದಾರ.”

ಅವರು ನನ್ನನ್ನು ಒಮ್ಮೆ ನೋಡಿದರು. ಅವರಿಗೂ ಸೊಸೆ ಇದ್ದಿರಬೇಕು. ಸೀಟಿ ಊದಿದರು.

ಸೊಸೆ ಏರಿದಳು. ಅರ್ಧಕ್ಕೆ ನಿಂತಳು. ಮೊಳಕಾಲು ದೂರ ಉಳಿದವು, ಎಡಗೈ ಮಡಚತೊಡಗಿತು. ಇನ್ನೊಂದು ಗಳಿಗೆ ಕಳೆದರೆ ಬೀಳುತ್ತಿದ್ದಳು. ಒಂದೂವರೆ ತಿಂಗಳ ಅಭ್ಯಾಸ ಅವಳೊಬ್ಬಳಿಗೇ ಅಲ್ಲ, ನನಗೂ ಆಗಿತ್ತು. ಬಾಜೂದವರ ಕಡೆ ತಿರುಗಿ ಹೇಳಿಬಿಟ್ಟೆ:

“ಅಕೀಗಿ ಹೇಳ್ರಿ, ಮೊಳಕಾಲು ಎದಿಗಿ ಹಚ್ಚು ಅಂತ.”

“ಮೊಳಕಾಲು ಎದಿಗಿ ಹಚ್ಚವಾ,” ಎಂದು ಪರೀಕ್ಷಕರು ಕೂಗಿದರು.

ಸೊಸೆ ಹಚ್ಚಿದಳು. ತಿರುಗಿದಳು. ನಿಂತಳು.

ಆಮೇಲೆ ಹೆಡ್ ಮಾಸ್ತರು ಕೇಳಿದರು: “ಸರ್, ತಾವು ಪರೀಕ್ಷಾ ಮಾಡಾಕ ಬಂದೀರೋ, ಕಲಿಸಾಕ ಬಂದೀರೋ?”

ಪರೀಕ್ಷಕರ ಮುಖ ಕೆಂಪಾಯಿತು. “ಇದು ಲೆಕ್ಕಕ್ಕ ಹಿಡಿಯಾಂಗಿಲ್ಲ. ಇನ್ನೊಮ್ಮೆ ಮಾಡವಾ. ಕಡೀದು,” ಎಂದರು. ನನ್ನ ಕಡೆ ತಿರುಗಿದರು. “ನೀವು ಬಾಯಿ ಮುಚ್ಚಿಕೊಂಡು ನಿಲ್ರಿ.”

ಬಾಯಿ ಮುಚ್ಚು ಎಂದು ನನಗೆ ಈ ಜೀವನದಲ್ಲಿ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ.

ಸೊಸೆ ರಿಂಗಿನ ಕೆಳಗೆ ನಿಂತಿದ್ದಳು. ಟೋಪಿಯೊಳಗಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಂಡಳು, ಮತ್ತೆ ಇಳಿಯಿತು. ನನ್ನ ಕಡೆ ನೋಡಿದಳು. ನಾನು ಬಾಜೂ ಕಡೆ ನೋಡಿದೆ. ಪರೀಕ್ಷಕರು ಬೇಕೆಂದೇ ನಾಲ್ಕು ಹೆಜ್ಜೆ ಸರಿದು ನಿಂತಿದ್ದರು. ಹೇಳಲು ಬೇರೆ ಯಾರೂ ಇರಲಿಲ್ಲ.

“ಟೋಪಿ ತೆಗಿ,” ಎಂದೆ.

ಅತ್ತೆಯನ್ನು ಹುಡುಕುವವಳಂತೆ ಸೊಸೆ ಸುತ್ತ ನೋಡಿದಳು. ಆಮೇಲೆ ಟೋಪಿ ತೆಗೆದು ನೆಲಕ್ಕಿಟ್ಟಳು. ಮುಖ ಒರೆಸಿಕೊಂಡಳು. ರಿಂಗ್ ಹಿಡಿದು ಏರಿದಳು, ತಿರುಗಿದಳು, ಎರಡೂ ಕಾಲು ಜೋಡಿಸಿ ನಿಂತಳು. ಹೆಡ್ ಮಾಸ್ತರು ಏನೋ ಬರೆದುಕೊಂಡು, ಜೂನಿನಲ್ಲಿ ಬಂದು ಹಾಜರಾಗಲು ಹೇಳಿದರು.

ಗೇಟಿನ ಹತ್ತಿರ ಹೆಂಡತಿ ಸರಳು ಹಿಡಿದು ನಿಂತಿದ್ದಳು.

“ಏನಾತ್ರಿ?” ಎಂದು ನನ್ನನ್ನು ಕೇಳಿದಳು.

ನಾನು ಸೊಸೆಯ ಕಡೆ ತಿರುಗಿದೆ.

“ಅಕೀಗಿ ಹೇಳು,” ಎಂದೆ, “ಆತು ಅಂತ.”

ಸೊಸೆ ಹೇಳಿದಳು. ಜೂನಿನಲ್ಲಿ ಕೆಲಸಕ್ಕೆ ಹಾಜರಾದಳು.