ಬೀಗರನ್ನು ಬೇಯಿಸಿದ ಎ.ಸಿ.

ಕಾರಿನ ಎ.ಸಿ. ಅಂದರೆ ಏನು ಮಹಾ? ಒಂದು ಫ್ಯಾನು, ಎರಡು ಪೈಪು, ಒಂದಿಷ್ಟು ಗ್ಯಾಸು. ಅದನ್ನು ಸರಿಮಾಡಲು ಮೆಕ್ಯಾನಿಕ್ಕೇ ಬೇಕೆನ್ನುವವರು ವಿಜ್ಞಾನ ಓದದವರು. ನಾನಾದರೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು! ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದವನು. ಕಾರಿನಲ್ಲೂ ಅದು ನನ್ನ ಬಾಣದ ಪ್ರಕಾರವೇ ಹರಿಯಬೇಕಲ್ಲವೆ?

ಅದು ಬಳ್ಳಾರಿಯಲ್ಲಿ ಅದಿರಿನ ಮಣ್ಣು ಚಿನ್ನವಾಗಿದ್ದ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇಂದು ಲಾರಿ ಮಾಲೀಕ, ನಾಳೆ ಹೊಸ ಕಾರಿನ ಸಾಹುಕಾರ. ಊರಿನಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ಕಾರಿನ ಗಾಜು ನೋಡಿ ಅಳೆಯುತ್ತಿದ್ದರು. ಗಾಜು ಏರಿಸಿದ್ದರೆ ಎ.ಸಿ. ಇದೆ, ನಮಸ್ಕಾರ! ಇಳಿಸಿದ್ದರೆ ಪಾಪ, ಮುಂದೆ ಹೋಗಪ್ಪ! ಹಾಗಾಗಿ ಎ.ಸಿ. ಕೆಟ್ಟವರೂ ಗಾಜು ಏರಿಸಿಕೊಂಡು, ಒಳಗೇ ಬೆವರುತ್ತ, ಹೊರಗಿನವರಿಗೆ ನಗುಮುಖ ತೋರಿಸುತ್ತ ತಿರುಗುತ್ತಿದ್ದರು. ಎಷ್ಟೋ ಕೈ ದಾಟಿ ನನ್ನ ಪಾಲಿಗೆ ಬಂದ ಬಿಳಿ ಕಾರಿನಲ್ಲಿ ನಾನೂ ಆ ಗೌರವಾನ್ವಿತರ ಸಾಲಿಗೆ ಸೇರಿದ್ದೆ.

ಹೀಗಿರುವಾಗ ನನ್ನ ಹೆಂಡತಿ ಗಿರಿಜಾಳ ತಂಗಿ ಶಶಿಕಲಾಳಿಗೆ ಸಿರುಗುಪ್ಪದ ಸಂಬಂಧ ಬಂತು. ಹುಡುಗ ಒಪ್ಪಿದ್ದ. ಹುಡುಗಿಯಂತೂ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದು ಕೂತಿದ್ದಳು. ಬಾಕಿ ಇದ್ದದ್ದು ಹುಡುಗನ ದೊಡ್ಡಪ್ಪ ವೀರನಗೌಡರ ‘ಹೂಂ’ ಒಂದೇ. ಈ ಗೌಡರು ಅಕ್ಕಿ ಗಿರಣಿಯ ಯಜಮಾನರು. ಹಿಂದೆ ಯಾರದೋ ಮನೆಯಲ್ಲಿ ಚಹಾ ಆರಿತ್ತೆಂದು ಸಂಬಂಧವನ್ನೇ ಬಿಟ್ಟು ಎದ್ದುಬಂದ ಮಹಾನುಭಾವರು. ಭಾನುವಾರ ಅವರು ಹೆಂಡತಿಯೊಂದಿಗೆ ಕುರುಗೋಡಿನ ನನ್ನ ಮಾವನ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ನಾನು ಫೋನಿನಲ್ಲಿ ಘೋಷಿಸಿಬಿಟ್ಟೆ:

“ಈ ಬಿಸಿಲಾಗ ಬಸ್ಸು ಯಾಕ್ರೀ ಗೌಡ್ರ? ನಮ್ಮ ಎ.ಸಿ. ಕಾರ್ ತರ್ತೀನಿ. ಒಂದ್ ಹನಿ ಬೆವರು ಬರಾಂಗಿಲ್ಲ!”

ಫೋನ್ ಇಡುವುದೇ ತಡ, ಗಿರಿಜಾ ಎದುರಿಗೆ ನಿಂತಿದ್ದಳು. “ಎ.ಸಿ. ಕೆಟ್ಟು ಕುಂತೈತಿ, ನೆನಪೈತೇನ್ರೀ?”

“ಶನಿವಾರ ಸಂಜೀಕ ನಾನ ರಿಪೇರಿ ಮಾಡ್ತೀನಿ.”

“ಯಾರು, ನೀವಾ? ಮಿಕ್ಸರ್ ರಿಪೇರಿ ಮಾಡಿದ್ರಿ, ಆವತ್ತಿಂದ ನನಗ ರುಬ್ಬೋ ಕಲ್ಲೇ ಗತಿ ಆಗೇತಿ! ನಿಮ್ಮ ಕೈ ಮುಗೀತೀನಿ, ಮೆಕ್ಯಾನಿಕ್ ಹತ್ರ ಒಯ್ರಿ. ನನ್ನ ತಂಗಿ ಬಾಳೇವು ಐತಿ ಇದ್ರಾಗ.”

ವಿಜ್ಞಾನಿಗಳನ್ನು ಮನೆಯವರು ಯಾವತ್ತು ನಂಬಿದ್ದಾರೆ?

ಶನಿವಾರ ಬಾನೆಟ್ ಎತ್ತಿ, ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಡಾಕ್ಟರಂತೆ ನೋಡಿದೆ. ಒಳಗಿನ ಶಾಖವನ್ನು ಹೊರಗೆ ಬಿಡುವ ಮುಂಭಾಗದ ಜಾಲರಿಯ ತುಂಬ ಅದಿರಿನ ಕೆಂಪು ಧೂಳು ಮೆತ್ತಿಕೊಂಡಿತ್ತು. ರೋಗ ಪತ್ತೆಯಾಯಿತು! ಈ ಪತ್ತೆ ಸರಿಯಾಗಿಯೇ ಇತ್ತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಮುಂದೆ ಇಂಥ ಅವಕಾಶ ಸಿಗುವುದಿಲ್ಲ.

ಕಾರನ್ನು ಬೈಪಾಸಿನ ಲಾರಿ ತೊಳೆಯುವ ಶೆಡ್ಡಿಗೆ ಒಯ್ದೆ. ಅಲ್ಲಿನವನು ತಲೆ ಕೆರೆದುಕೊಂಡ. “ಸಾರ್, ಇದು ಲಾರಿ ಪೈಪು. ಭಾಳ ಪ್ರೆಷರ್ ಐತಿ. ಸಣ್ಣದು ತರ್ತೀನಿ, ತಡೀರಿ.”

“ಧೂಳು ಯಾವುದಪ್ಪ? ಲಾರೀದು. ಹಂಗಾದ್ರ ಪೈಪೂ ಲಾರೀದ ಆಗಬೇಕು. ಹೊಡಿ!”

ಅವನು ಹೊಡೆದ. ಧೂಳು ಹೋಯಿತು. ಜೊತೆಗೆ ಜಾಲರಿಯ ತೆಳು ತಗಡುಗಳೆಲ್ಲ ಗಾಳಿಗೆ ಬಿದ್ದ ಭತ್ತದ ಪೈರಿನಂತೆ ಮಲಗಿಬಿಟ್ಟವು. ಇನ್ನು ಅದರೊಳಗೆ ಧೂಳು ನುಗ್ಗುವಂತಿರಲಿಲ್ಲ. ಗಾಳಿಯೂ ಅಷ್ಟೆ.

ಮನೆಗೆ ಬಂದಾಗ ಪಕ್ಕದ ಮನೆಯ ಮಹಬೂಬ್ ಸಾಬರು ಸಿಕ್ಕರು. ಫ್ರಿಜ್ ರಿಪೇರಿ ಅವರ ಕಸುಬು. ಕಾರನ್ನು ಒಂದು ಸುತ್ತು ಹಾಕಿ, “ಇದೇನ್ ಬಿಡ್ರಿ ಮೇಷ್ಟ್ರ, ಗಾಲಿ ಇರೋ ಫ್ರಿಜ್ಜು! ಗ್ಯಾಸ್ ಹೊಡದ್ರ ಆತು,” ಎಂದರು. ನನ್ನಷ್ಟೇ ಧೈರ್ಯವಂತರು ಊರಿನಲ್ಲಿ ಇನ್ನೊಬ್ಬರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಸಿಲಿಂಡರ್ ತಂದರು, ಪೈಪಿಗೆ ಪೈಪು ಸಿಕ್ಕಿಸಿದರು, ತಿರುಗಿಸಿದರು. ‘ಟುಸ್ಸ್’ ಎಂದಿತು. ಗ್ಯಾಸು ಕಾರಿಗೆ ಹೋಗಲಿಲ್ಲ, ಓಣಿಗೆ ಹೋಯಿತು.

“ಓಣಿ ತಂಪಾತು ಬಿಡ್ರಿ!” ಎಂದು ಗಿರಿಜಾ ಕಟ್ಟೆಯ ಮೇಲಿಂದಲೇ ಸರ್ಟಿಫಿಕೇಟ್ ಕೊಟ್ಟಳು. ಸಾಬರಿಗೆ ಇದ್ದಕ್ಕಿದ್ದಂತೆ ಯಾರದೋ ಫ್ರಿಜ್ಜಿನ ನೆನಪಾಗಿ ಹೊರಟೇಹೋದರು.

ನಾನು ಬಿಡುವವನೆ? ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ತಂಪು-ಬಿಸಿ ತಿರುಗಿಸುವ ಗುಂಡಿಯ ಹಿಂದಿನ ತಂತಿಯನ್ನು ಎಳೆದೆ. ಅದು ವಿನಯದಿಂದ ಕೈಗೇ ಬಂತು. ತೋಚಿದ ತೂತಿಗೆ ಸಿಕ್ಕಿಸಿ ಎಲ್ಲ ಮುಚ್ಚಿದೆ. ಎರಡು ಸ್ಕ್ರೂ ಉಳಿದವು. ಕಂಪನಿಯವರು ದಂಡಕ್ಕೆ ಹೆಚ್ಚು ಹಾಕಿರುತ್ತಾರೆ ಎಂದು ಕಿಸೆಗಿಳಿಸಿದೆ. ಕಾರು ಚಾಲೂ ಮಾಡಿ ಅರೆಕ್ಷಣ ಕೈಯೊಡ್ಡಿದರೆ ಗಾಳಿ ತಣ್ಣಗೇ ಇದ್ದಂತಿತ್ತು! ಅಷ್ಟರಲ್ಲಿ ಆರಿದ್ದ ಇಂಜಿನ್ ಇನ್ನೂ ಬಿಸಿಯಾಗಿಲ್ಲ ಎಂಬ ಕ್ಷುಲ್ಲಕ ವಿಚಾರ ನನ್ನಂಥವನಿಗೆ ಯಾಕೆ ಹೊಳೆಯಬೇಕು? ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಆತ್ಮವಿಶ್ವಾಸವಿಲ್ಲದವರ ಲಕ್ಷಣ.

ಭಾನುವಾರ ಗಿರಿಜಾ ಬಸ್ಸು ಹತ್ತಿ ತವರಿಗೆ ಹೋದಳು. ನಾನು ಮುಂಜಾನೆಯ ತಂಪಿನಲ್ಲಿ ಎ.ಸಿ. ಹಾಕದೆಯೇ ಸಿರುಗುಪ್ಪ ಮುಟ್ಟಿದೆ. ಅಲ್ಲಿ ಉಪ್ಪಿಟ್ಟು, ಚಹಾ, ಮಾತು ಮುಗಿದು ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಗೌಡರದು ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ನಾನು ನಾಲ್ಕೂ ಗಾಜು ಏರಿಸಿ, ಶಾಸ್ತ್ರೋಕ್ತವಾಗಿ ಎ.ಸಿ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಬುಸ್ಸೆಂದು ಬಿಸಿಗಾಳಿ!

“ಏನ್ ಮೇಷ್ಟ್ರ, ಕಾವು ಬರಾಕತ್ತೈತಿ?”

“ಮೊದಲು ಒಳಗಿನ ಕಾವು ಹೊರಗ ಬರ್ತೈತ್ರಿ ಗೌಡ್ರ. ಆಮ್ಯಾಲೆ ತಂಪು.”

ಒಳಗಿನ ಕಾವು ಮುಗಿಯಲೇ ಇಲ್ಲ. ಆರಿಸಲು ಹೋದರೆ ಗುಂಡಿ ಕೈಗೆ ಬಂತು. ಮೇ ತಿಂಗಳ ಬಿಸಿಲಿನಲ್ಲಿ, ಗಾಜು ಮುಚ್ಚಿದ ಕಾರಿನಲ್ಲಿ, ನಾನು ಸಿಕ್ಕಿಸಿದ ತಂತಿಯ ಕೃಪೆಯಿಂದ, ಹೀಟರ್! ಕನ್ನಡಿಯಲ್ಲಿ ನೋಡಿದೆ. ಗೌಡರ ವಿಭೂತಿ ಕರಗಿ ಮೂಗಿನವರೆಗೆ ಇಳಿದಿತ್ತು. ಗೌಡರ ಹೆಂಡತಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, “ಯಪ್ಪಾ, ಗಾಜಾದ್ರೂ ಇಳಸೋ ನಮ್ಮಪ್ಪ! ಜೀವ ಹೋಗಾಕತ್ತೈತಿ!” ಎಂದರು.

ಗಾಜು ಇಳಿಸುವುದೆಂದರೆ ಮಾನ ಇಳಿಸಿದಂತೆ. ಆದರೂ ಇಳಿಸಿದೆ. ಮುಂದೆ ಒಂದರ ಹಿಂದೊಂದು ಅದಿರಿನ ಲಾರಿಗಳು. ಕೆಂಪು ಧೂಳು ನೇರ ಒಳಗೆ ನುಗ್ಗಿ ಬೆವರಿಗೆ ಅಂಟಿಕೊಂಡಿತು. ಗಾಜು ಮುಚ್ಚಿದರೆ ಕುದಿಯಬೇಕು, ತೆರೆದರೆ ಮಣ್ಣಾಗಬೇಕು. ಕುರುಗೋಡಿನವರೆಗೂ ಮುಚ್ಚುವುದು, ತೆರೆಯುವುದು ಇದೇ ಆಯಿತು. ನನಗೆ ಶಶಿಕಲಾಳ ಮುಖ ನೆನಪಾಗುತ್ತಿತ್ತು.

ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಮಾವನವರು ಕಾರಿನಿಂದ ಇಳಿದ ಕೆಂಪು ಆಕೃತಿಯನ್ನು ನೋಡಿ, “ಗೌಡ್ರು ಬರಲಿಲ್ಲೇನು?” ಎಂದು ನನ್ನನ್ನು ಕೇಳಿದರು.

“ನಾನ ಗೌಡ,” ಎಂದಿತು ಆಕೃತಿ.

ಗಿರಿಜಾ ತಲೆಗೆ ಕೈ ಹೊತ್ತಳು. ಒಳಗಿನ ಬಾಗಿಲ ಸಂದಿನಲ್ಲಿ ಶಶಿಕಲಾಳ ಕಣ್ಣು ತುಂಬಿ ಬಂದದ್ದು ಕಂಡಿತು. ಗೌಡರು ಮುಖ ತೊಳೆದು, ಗಟಗಟ ನೀರು ಕುಡಿದು, ಜಮಖಾನೆಯ ಮೇಲೆ ಕೂತು ಮಾವನವರನ್ನು ದಿಟ್ಟಿಸಿದರು.

“ಯಜಮಾನ್ರ, ಈ ಮನುಷ್ಯಾ ನಿಮ್ಮ ಅಳಿಯಾನ?”

“ಹೌದ್ರಿ,” ಎಂದರು ಮಾವ, ತಲೆ ತಗ್ಗಿಸಿ.

“ಮೊದಲಿಂದ ಹಿಂಗ ಅದಾನೋ, ಈಗೀಗೋ?”

“ಮೊದಲಿಂದಾನೂ ಹಿಂಗ ರೀ.”

“ಆದ್ರೂ ಮನಿ ಒಳಗ ಕರದು ಊಟಕ್ಕ ಹಾಕ್ತೀರಿ?”

“ಏನ್ ಮಾಡೋದ್ರಿ ಗೌಡ್ರ, ಮಗಳನ್ನ ಕೊಟ್ಟೀವಲ್ಲ.”

ಗೌಡರು ಹೆಂಡತಿಯ ಕಡೆ ತಿರುಗಿದರು. “ನೋಡು, ಇಂಥಾವನ್ನ ಇಷ್ಟು ವರ್ಷ ತಡಕೊಂಡಾರಂದ್ರ ಇವರು ಎಂಥ ತಾಳ್ಮಿ ಮಂದಿ ಇರಬೇಕು! ನಮ್ಮ ಹುಡುಗಗ ಸಿಟ್ಟು ಭಾಳ. ಅವನ ಜೋಡಿ ಬಾಳೇವು ಮಾಡಾಕ ಇಂಥ ಮನಿ ಹುಡುಗೀನ ಬೇಕು. ನನ್ನದು ಹೂಂ!”

ಮನೆಯೆಲ್ಲ ಗಲಗಲ ಎಂದಿತು. ಶಶಿಕಲಾ ಓಡಿಬಂದು ಅಕ್ಕನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಗೌಡರು ಬಾಯಿಗೆ ಸಕ್ಕರೆ ಹಾಕಿಕೊಂಡು ಮಾವನವರನ್ನು ಮೆಲ್ಲಗೆ ಕೇಳಿದರು, “ಸಿರುಗುಪ್ಪಕ್ಕ ಬಸ್ಸು ಎಷ್ಟೊತ್ತಿಗೈತಿ?”

ಗಿರಿಜಾ ನನ್ನ ಕೈಗೂ ಸಕ್ಕರೆ ಹಾಕಿದಳು. “ನಿಮ್ಮಿಂದನ ಕೂಡಿಬಂತು ನೋಡ್ರಿ!”

ಮದುವೆಯಾದಾಗಿನಿಂದ ಆ ಮನೆಯಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.