ಅಳೆದೂ ಸುರಿದೂ ಕೊಂಡ ಪಿಕಪ್

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ನನ್ನ ಭಾವನ ಮೇಲೆ ದ್ವೇಷವಿಲ್ಲ. ಹೆಂಡತಿಯ ಅಣ್ಣ, ಒಳ್ಳೆಯ ಮನುಷ್ಯ, ಕೇಳಿದಾಗಲೆಲ್ಲ ತಮ್ಮ ಪಿಕಪ್ ಗಾಡಿ ಕೊಡುತ್ತಾರೆ. ಅವರು ಕೊಡುವ ರೀತಿಯ ಮೇಲೆ ಮಾತ್ರ ನನಗೆ ಹನ್ನೆರಡು ವರ್ಷಗಳ ದ್ವೇಷವಿದೆ.

ನಾನು ಬಡಗಿ. ಕಪಾಟು, ಮಂಚ, ಮೇಜು ಮಾಡುತ್ತೇನೆ. ಕೊಯ್ಯುವುದು, ಜೋಡಿಸುವುದು ನನ್ನ ಕೆಲಸ. ಪಾಲಿಷ್ ಹಾಕುವುದು, ಗಿರಾಕಿಗಳ ಜೊತೆ ಮಾತಾಡುವುದು ಹೆಂಡತಿಯ ಕೆಲಸ. (ನಾನು ಮಾತಾಡಿದರೆ ಗಿರಾಕಿ ಬರುವುದಿಲ್ಲ ಎಂಬುದು ಅವಳ ಸಂಶೋಧನೆ.) ಮಾಡಿದ ಕಪಾಟು ತಾನಾಗಿಯೇ ನಡೆದು ಗಿರಾಕಿಯ ಮನೆಗೆ ಹೋಗುವುದಿಲ್ಲವಲ್ಲ, ಅದಕ್ಕೆ ಗಾಡಿ ಬೇಕು. ಭಾವನಿಗೆ ನಲ್ಲಿ, ಪೈಪುಗಳ ಅಂಗಡಿ. ಅದರ ಮುಂದೆ ಅವರ ಪಿಕಪ್ ನಿಂತಿರುತ್ತದೆ.

"ಭಾವ, ಶುಕ್ರವಾರ ಗಾಡಿ ಸ್ವಲ್ಪ…" ಎಂದು ನಾನು ಹಲ್ಲು ಗಿಂಜುತ್ತೇನೆ.

"ಧಾರಾಳವಾಗಿ! ನಿಮ್ಮದೇ ಅಂದ್ಕೊಳ್ಳಿ!" ಎನ್ನುತ್ತಾರೆ ಭಾವ. ಹಾಗೆಂದವರು ಕೀಲಿ ಕೊಡುತ್ತಾರೆಯೇ? ಇಲ್ಲ. ಮೊದಲು ಗಾಡಿಗೆ ಒಂದು ಪ್ರದಕ್ಷಿಣೆ. ಅವರು ಮುಂದೆ, ನಾನು ಹಿಂದೆ. "ಈ ಗೀರು ಹಳೇದು. ಇದೂ ಹಳೇದು. ಇದು ನಮ್ಮವಳು ಗೇಟಿಗೆ ತಾಗಿಸಿದ್ದು. ಇದು ಹೋದ ಸಲ ನೀವು ಮಾಡಿದ್ದು. ಪರವಾಗಿಲ್ಲ ಬಿಡಿ, ನಾನು ಹೇಳಲೇ ಇಲ್ಲ ನೋಡಿ." ಆಮೇಲೆ ಕ್ಲಚ್ಚಿನ ಮೇಲೆ ಹೇಗೆ ಕಾಲಿಡಬೇಕು ಎಂಬುದರ ಮೇಲೆ ಒಂದು ಉಪನ್ಯಾಸ. ನಾನು ಗಾಡಿ ಓಡಿಸಲು ಕಲಿತು ಇಪ್ಪತ್ತೈದು ವರ್ಷವಾಯಿತು. ಆದರೂ ತುಟಿ ಪಿಟಕ್ಕೆನ್ನದೆ ಕೇಳುತ್ತೇನೆ.

ಹೀಗೆ ನಡೆದಿರುವಾಗ ನಮಗೆ ಒಂದು ಹಾಸ್ಟೆಲ್ಲಿನಿಂದ ಹದಿನೆಂಟು ಕಪಾಟುಗಳ ಕೆಲಸ ಬಂತು. ನಮ್ಮ ಜನ್ಮದಲ್ಲೇ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಮುಂದಿನ ತಿಂಗಳ ಕೊನೆಯ ಸೋಮವಾರ ಮಕ್ಕಳು ಬಂದು ಸೇರುವ ಮೊದಲು, ಅಂದರೆ ಅದರ ಹಿಂದಿನ ಶನಿವಾರದೊಳಗೆ, ಅಷ್ಟೂ ಕಪಾಟು ಅಲ್ಲಿರಬೇಕು. ನಾನು ಭಾವನ ಅಂಗಡಿಗೆ ಹೋಗಿ, ಒಂದೇ ದಿನ ಐದು ಸಲ ಓಡಾಡಬೇಕಾಗುತ್ತದೆ ಎಂದು ಮೆಲ್ಲಗೆ ವಿಷಯ ತೆಗೆದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಭಾವ ನನ್ನ ಬೆನ್ನು ತಟ್ಟಿ ಅವರಿಗೆಲ್ಲ ಪರಿಚಯ ಮಾಡಿಕೊಟ್ಟರು.

"ಇವರು ನನ್ನ ತಂಗಿ ಗಂಡ. ಕೆಲಸ ಬಂಗಾರ! ಗಾಡಿ ಮಾತ್ರ ನಮ್ಮದು."

ನಾಲ್ಕೂ ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಿವಿ ಸುಡುತ್ತಿತ್ತು. ಒಳಗೆ ಕಾಲಿಟ್ಟವನೇ ಘೋಷಿಸಿದೆ: "ಗಾಡಿ ಕೊಳ್ತೀನಿ! ಇನ್ನು ಈ ಜನ್ಮದಲ್ಲಿ ನಿಮ್ಮಣ್ಣನ ಮುಂದೆ ಕೈಯೊಡ್ಡಲ್ಲ!"

ಹೆಂಡತಿ ಪಾಲಿಷ್ ಬಟ್ಟೆಯಿಂದ ತಲೆಯೆತ್ತದೆ ಅಂದಳು: "ಕೊಳ್ಳೋಣ. ಹಿಂಬಾಗಿಲು ಮುಚ್ಚೋ ಅಂಥದ್ದನ್ನ ಕೊಳ್ಳೋಣ."

ಇದಕ್ಕೊಂದು ಹಿನ್ನೆಲೆಯಿದೆ. ಒಮ್ಮೆ ಬಾಡಿಗೆ ಗಾಡಿಯಲ್ಲಿ, ಹಿಂಬಾಗಿಲು ಮುಚ್ಚದೆ, ಕಪಾಟನ್ನು ಹಗ್ಗದಿಂದ ಕಟ್ಟಿಕೊಂಡು ಹೋಗಿದ್ದೆ. ಒಂದು ತಿರುವಿನಲ್ಲಿ ಆ ಕಪಾಟು ನನಗೆ ಹೇಳದೆ ಕೇಳದೆ ಇಳಿದುಹೋಯಿತು. ಅಂದಿನಿಂದ ನಮ್ಮ ಮನೆಯ ಶಾಸನ ಒಂದೇ: ಆರು ಅಡಿಯ ಕಪಾಟು ಮಲಗಬೇಕು, ಹಿಂಬಾಗಿಲು ಮುಚ್ಚಬೇಕು. ಚಿಕ್ಕ ಗಾಡಿಯಲ್ಲಿ ಅದು ಹಿಡಿಸುವುದಿಲ್ಲ, ದೊಡ್ಡ ಗಾಡಿ ನಮ್ಮ ಓಣಿಯೊಳಗೆ ತಿರುಗುವುದಿಲ್ಲ. ಆದ್ದರಿಂದ ಮಧ್ಯಮ ಗಾತ್ರದ ಪಿಕಪ್ಪೇ ಆಗಬೇಕು. ಹೊಸದೋ ಹಳೆಯದೋ ಎನ್ನುವುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ನಾನು ಮೂರು ವಾರಗಳ ತಪಸ್ಸು ಮಾಡಿದೆ. ಒಂದು ನೋಟ್‌ಬುಕ್ ತಂದೆ. ಫೋನಿನಲ್ಲಿ ಕಂಡಕಂಡವರ ವಿಡಿಯೋ ನೋಡಿದೆ. ಊಟಕ್ಕೆ ಕೂತಾಗ 'ಟಾರ್ಕ್' ಎಂಬ ಪದವನ್ನು ಬಳಸತೊಡಗಿದೆ.

"ಈ ಗಾಡಿಗೆ ಟಾರ್ಕ್ ಜಾಸ್ತಿ ಕಣೇ."

"ಆ ಟಾರ್ಕು ಎಷ್ಟಡಿ ಉದ್ದ ಇದೆ?"

"ಅದು ಉದ್ದ ಅಲ್ಲ, ಎಳೆಯೋ ಶಕ್ತಿ!"

"ಎಳೆಯೋದನ್ನ ನೀವೇ ಚೆನ್ನಾಗಿ ಮಾಡ್ತೀರಲ್ಲ. ಮೂರು ವಾರದಿಂದ ಎಳೀತಾ ಇದೀರಿ."

ಅವಳೇ ಒಂದು ಹಳೆಯ ಗಾಡಿ ಹುಡುಕಿದಳು. ನಿವೃತ್ತರಾದ ಪಶುವೈದ್ಯರೊಬ್ಬರದು. ಇಬ್ಬರೂ ನೋಡಲು ಹೋದೆವು. ಎರಡೇ ಬಾಗಿಲು, ಕೈಯಿಂದ ತಿರುಗಿಸಿ ಇಳಿಸುವ ಕಿಟಕಿ, ಎ.ಸಿ. ಇಲ್ಲ, ಬಣ್ಣ ಹಳೆಯ ಬಕೆಟ್ಟಿನದು. ಒಳಗೆ ಇಪ್ಪತ್ತು ವರ್ಷಗಳ ಕರುಗಳ ನೆನಪು ವಾಸನೆಯಾಗಿ ಉಳಿದಿತ್ತು. ಹೆಂಡತಿ ಮೊದಲು ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿದಳು. (ನಾವು ಬರುವ ಮೊದಲೇ ಬಿಸಿ ಮಾಡಿಟ್ಟರೆ ಎಂಥ ಮುದಿ ಎಂಜಿನ್ನೂ ಒಂದೇ ಸಲಕ್ಕೆ ಹೊರಡುತ್ತದಂತೆ. ನನ್ನ ನೋಟ್‌ಬುಕ್ಕಿನಲ್ಲಿ ಇದು ಇರಲಿಲ್ಲ.) ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿದಳು. ಕೀಲಿ ತಿರುಗಿಸಿದಳು. ಗಾಡಿ ಕೆಮ್ಮದೆ ಎದ್ದಿತು. ಅವಳ ಮುಖ ಅರಳಿತು, ನನ್ನದು ಬಾಡಿತು. ಈ ಬಕೆಟ್ಟಿನಲ್ಲಿ ಕೂತು ಭಾವನ ಅಂಗಡಿಯ ಮುಂದೆ ಹಾದುಹೋಗುವುದು ಹೇಗೆ?

"ಅಳತೆ ಒಂದು ನೋಡ್ಬಿಡಿ" ಎಂದಳು.

ಇಲ್ಲಿ ನನ್ನ ಟೇಪಿನ ಚರಿತ್ರೆ ಹೇಳಲೇಬೇಕು. ವರ್ಷಗಳ ಹಿಂದೆ ನನ್ನ ಅಳತೆಯ ಟೇಪು ಗರಗಸದ ಯಂತ್ರಕ್ಕೆ ಸಿಕ್ಕಿ ಮೊದಲ ನಾಲ್ಕು ಇಂಚು ಕಳೆದುಕೊಂಡಿತು. ಬೇರೆಯವರಾಗಿದ್ದರೆ ಹೊಸದು ತರುತ್ತಿದ್ದರು. ನಾನು, ನಾಲ್ಕಿಂಚು ಹೋದರೇನು, ಉಳಿದದ್ದು ನಿಷ್ಠೆಯಿಂದಿದೆಯಲ್ಲ ಎಂದು ಅದನ್ನೇ ಇಟ್ಟುಕೊಂಡೆ. ಏನು ಅಳೆದರೂ ಬಂದ ಲೆಕ್ಕದಿಂದ ನಾಲ್ಕು ಕಳೆಯುವುದು ನಮ್ಮ ಕಾರ್ಖಾನೆಯ ಪದ್ಧತಿ. ಮನೆಯಲ್ಲಿ ಮಗಳಿಗೂ ಗೊತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಒಂದು ಕಪಾಟೂ ಅಳತೆ ತಪ್ಪಿಲ್ಲ.

ಆ ದಿನ ಟೇಪು ಮನೆಯಲ್ಲೇ ಮರೆತು ಬಂದಿದ್ದೆ. ವೈದ್ಯರು ತಮ್ಮದನ್ನು ಕೊಟ್ಟರು. ಹಳದಿ ಬಣ್ಣದ ಹೊಚ್ಚಹೊಸ ಟೇಪು. ಗಾಡಿಯ ಹಿಂಭಾಗದೊಳಗೆ ಹತ್ತಿ, ಈ ತುದಿಯಿಂದ ಆ ತುದಿಗೆ ಎಳೆದು ಹಿಡಿದೆ. ಆರಡಿ ಒಂದಿಂಚು. ಅಭ್ಯಾಸಬಲ ನೋಡಿ, ಮನಸ್ಸು ತಾನಾಗಿಯೇ ನಾಲ್ಕು ಕಳೆಯಿತು.

"ಐದೂಮುಕ್ಕಾಲು ಅಡಿ!" ಎಂದೆ. ಖುಷಿಯನ್ನು ಮುಚ್ಚಿಟ್ಟುಕೊಳ್ಳಲು ಬಹಳ ಕಷ್ಟವಾಯಿತು. "ಮೂರಿಂಚು ಕಮ್ಮಿ. ಆಗಲ್ಲ."

"ಆರಡಿ ಮೇಲಿದೆ ಅಂತ ಹೇಳಿ ಕೊಟ್ಟಿದ್ರಪ್ಪ ನಂಗೆ" ಎಂದರು ವೈದ್ಯರು.

"ಮಾರೋರು ಹೇಳ್ತಾರೆ ಸಾರ್" ಎಂದು ನಾನು ಕರುಣೆಯಿಂದ ನಕ್ಕೆ.

ಹೆಂಡತಿ ಕಣ್ಣು ಕಿರಿದು ಮಾಡಿದಳು. "ನೋಡಿದ್ರೆ ಉದ್ದ ಇದ್ದ ಹಾಗಿದೆಯಲ್ಲ?"

"ಕಣ್ಣು ಮೋಸ ಮಾಡತ್ತೆ. ಅಳತೆ ಮಾಡಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ನನ್ನ ಟಾರ್ಕನ್ನು ಅವಳು ನಂಬುವುದಿಲ್ಲ, ನನ್ನ ಮಾತುಗಳಲ್ಲಿ ಮುಕ್ಕಾಲು ಪಾಲನ್ನೂ ನಂಬುವುದಿಲ್ಲ. ಆದರೆ ನನ್ನ ಅಳತೆಯನ್ನು ನಂಬುತ್ತಾಳೆ. ಈಗಲೂ ನನ್ನನ್ನು ಕುಟುಕುವುದು ಅದೊಂದೇ.

ಮರುದಿನ ನಾನೊಬ್ಬನೇ ಶೋರೂಮಿಗೆ ಹೋದೆ. ಪಾಲಿಷನ್ನು ಅರ್ಧಕ್ಕೆ ಬಿಟ್ಟು ಬರುವಂತಿಲ್ಲ ಎಂದು ಹೆಂಡತಿ ಬರಲಿಲ್ಲ. "ಅಳತೆ ನೋಡ್ಕೊಂಡೇ ಒಪ್ಕೊಳ್ಳಿ" ಎಂದು ನನ್ನ ಟೇಪನ್ನು ಅವಳೇ ಜೇಬಿಗೆ ತುರುಕಿ ಕಳಿಸಿದಳು.

ಅಲ್ಲಿ ಅದು ನಿಂತಿತ್ತು. ನಾಲ್ಕು ಬಾಗಿಲು. ಕಡುನೀಲಿ. ಒಳಗೆ ಕೂತರೆ ಬೆನ್ನನ್ನು ತಬ್ಬಿಕೊಳ್ಳುವ ಸೀಟು, ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪರದೆ, ಮಂಜಿನಂಥ ಗಾಳಿ. ಟೈ ಕಟ್ಟಿದ ಮಾರಾಟಗಾರ ನನ್ನನ್ನು 'ಸರ್' ಎಂದ. ಹನ್ನೆರಡು ವರ್ಷದಿಂದ ಗಾಡಿಯ ವಿಷಯದಲ್ಲಿ ಯಾರೂ ನನ್ನನ್ನು ಸರ್ ಎಂದಿರಲಿಲ್ಲ. ಎದೆಯುಬ್ಬಿಸಿ ಹಿಂಭಾಗಕ್ಕೆ ಹತ್ತಿ ಟೇಪು ಎಳೆದೆ. ಆರಡಿ ಒಂದಿಂಚು!

"ಅದು ಐದೂಮುಕ್ಕಾಲು ಅಡಿ ಸರ್" ಎಂದ ಆತ, ಬಣ್ಣದ ಕಾಗದವೊಂದನ್ನು ತೋರಿಸುತ್ತಾ. "ಇಲ್ಲೇ ಅಚ್ಚಾಗಿದೆ."

"ನೋಡಪ್ಪಾ, ನಾನು ಇಪ್ಪತ್ತು ವರ್ಷದಿಂದ ಅಳೀತಾ ಇದೀನಿ. ನಿಮ್ಮ ಕಂಪನಿಯವರಿಗೆ ಅಳೆಯೋಕೆ ಹೇಳಿಕೊಡು."

ವಸ್ತುವನ್ನು ಇರುವುದಕ್ಕಿಂತ ಉದ್ದ ಎನ್ನುವ ಗಿರಾಕಿಯನ್ನು ಆತ ಎಂದೂ ಕಂಡಿರಲಿಕ್ಕಿಲ್ಲ. ವಾದಿಸಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ. "ಆರಡಿ ಒಂದಿಂಚು ಕಣೇ!" ಎಂದೆ. "ಹಾಗಾದ್ರೆ ಸರಿ" ಎಂದಳು. ಸಹಿ ಹಾಕಿಬಿಟ್ಟೆ.

ಗಾಡಿ ಮನೆಗೆ ಬಂದ ದಿನ ಭಾವನ ಅಂಗಡಿಯ ಮುಂದೆ ಮೂರು ಸಲ ಹಾದುಹೋದೆ. ಮೂರನೆಯ ಸಲಕ್ಕೆ ಅವರು ಹೊರಗೆ ಬಂದರು, ಗಾಡಿಗೆ ಒಂದು ಸುತ್ತು ಹಾಕಿದರು. ಎಲ್ಲೂ ಒಂದು ಗೀರು ಸಿಗದೆ ಮುಖ ಸಣ್ಣದು ಮಾಡಿಕೊಂಡರು. ನನಗೆ ಅಂದು ರಾತ್ರಿ ಎಂಥ ನಿದ್ದೆ!

ಹಾಸ್ಟೆಲ್ಲಿನ ಶನಿವಾರಕ್ಕೆ ಇನ್ನು ಒಂದೇ ದಿನವಿತ್ತು. ಶುಕ್ರವಾರ ಬೆಳಿಗ್ಗೆ, ಒಮ್ಮೆ ಏರಿಸಿ ನೋಡೋಣವೆಂದು ಇಬ್ಬರೂ ಸೇರಿ ಮೊದಲ ಕಪಾಟನ್ನು ಮಲಗಿಸಿದೆವು. ಹಿಂಬಾಗಿಲು ಎತ್ತಿದೆ. ಮುಚ್ಚಲಿಲ್ಲ. ತಳ್ಳಿದೆ. ಬೆನ್ನು ಕೊಟ್ಟು ತಳ್ಳಿದೆ. ಕಪಾಟು ಮೂರು ಇಂಚು ಹೊರಗೆ ಇಣುಕಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ಓರೆಯಾಗಿ ಮಲಗಿಸಿದರೆ ಬಾಗಿಲೇನೋ ಮುಚ್ಚಿತು. ಆದರೆ ಎರಡನೆಯದಕ್ಕೆ ಜಾಗವಿಲ್ಲ. ಒಂದು ಸಲಕ್ಕೆ ಒಂದರಂತೆ ಹದಿನೆಂಟು ಸಲ ಹೋಗಿ ಬರುವಷ್ಟರಲ್ಲಿ ಹಾಸ್ಟೆಲ್ಲಿನ ಮಕ್ಕಳು ಪರೀಕ್ಷೆ ಬರೆದು ಮನೆಗೆ ಹೊರಟಿರುತ್ತಾರೆ.

"ಕಪಾಟು ಉಬ್ಬಿರಬೇಕು" ಎಂದೆ.

ಹೆಂಡತಿ ನನ್ನ ಜೇಬಿನಿಂದ ಟೇಪು ಎಳೆದು ಗಾಡಿಯನ್ನು ಅಳೆದಳು. ಟೇಪಿನ ಮೊಂಡು ತುದಿಯನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಾಲ್ಕು ಕಳೆದ್ರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಳೆದೆ" ಎಂದೆ. "ಆದ್ರೆ ಬೇರೆ ಗಾಡಿಗೆ."

ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕಪಾಟುಗಳ ಸಾಲನ್ನೊಮ್ಮೆ ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹದಿನೆಂಟು ಕಪಾಟಿಗೂ ಮೂರು ಮೂರು ಸಲ ಪಾಲಿಷ್ ಹಾಕಿದ ಕೈ ಅದು, ಉಗುರಿನ ಸಂದಿಯಲ್ಲೆಲ್ಲ ಕಂದು ಬಣ್ಣ. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, ಆ ಹಳೆಯ ಗಾಡಿಯನ್ನು ಒಂದು ದಿನದ ಮಟ್ಟಿಗಾದರೂ ಬಾಡಿಗೆಗೆ ಕೊಡಿ ಎಂದು ಅಂಗಲಾಚಿದೆ.

"ಅದು ಮಾರಾಟ ಆಯ್ತಲ್ಲಪ್ಪ, ಮೊನ್ನೆಯಷ್ಟೇ. ನಿಮ್ಮ ಕಡೆಯವರೇ ತಗೊಂಡ್ರು. ನಲ್ಲಿ ಅಂಗಡಿಯವರು."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅಣ್ಣನ ಹಳೇ ಗಾಡಿ ಹೊಗೆ ಉಗುಳ್ತಿತ್ತು. ನಮಗೆ ಬೇಡವಾಯ್ತು, ನೀನಾದ್ರೂ ನೋಡು ಅಂತ ಹೇಳಿದ್ದೆ. ತಗೋತಾನೆ ಅಂತ ನಂಗೇನು ಗೊತ್ತು?"

ಭಾವನ ಅಂಗಡಿಗೆ ಓಡಿದೆ. ಮುಂದೆ ಬಕೆಟ್ ಬಣ್ಣದ ಗಾಡಿಯನ್ನು ತೊಳೆದು ನಿಲ್ಲಿಸಿದ್ದರು. ನನ್ನನ್ನು ಕಂಡು ಭಾವ ಎರಡೂ ಕೈ ಚಾಚಿ ಬಂದರು.

"ಬನ್ನಿ ಬನ್ನಿ! ಇದರ ಪುಣ್ಯವೆಲ್ಲ ನಿಮಗೇ. ನೀವು ಬೇಡ ಅಂದ ವಸ್ತು ಅಂದ್ರೆ ಕಣ್ಣು ಮುಚ್ಚಿ ತಗೋಬಹುದು ಅಂತ ತಗೊಂಡೆ. ಆರಡಿ ಒಂದಿಂಚು, ಸರಿಯಾಗಿ!"

"ಭಾವ" ಎಂದೆ. "ನಾಳೆ ಗಾಡಿ ಸ್ವಲ್ಪ…"

"ಧಾರಾಳವಾಗಿ!" ಎಂದರು. "ನಾಳೆ ಮಕ್ಕಳನ್ನ ಕೆರೆ ಕಡೆ ಕರ್ಕೊಂಡು ಹೋಗೋಣ ಅಂತಿದ್ವಿ. ನಿಮ್ಮದು ನಾಲ್ಕು ಬಾಗಿಲಿನದ್ದಲ್ವಾ? ಸುಮ್ಮನೆ ನಿಂತಿರತ್ತೆ ತಾನೆ?"

ನಿಂತಿರುತ್ತದೆ. ಇನ್ನೇನು ಮಾಡುತ್ತದೆ? ನನ್ನ ಕೈಯಾರೆ ಕೀಲಿ ತೆಗೆದುಕೊಟ್ಟೆ.

ಶನಿವಾರ ಬೆಳಿಗ್ಗೆ ಹಳೆಯ ಗಾಡಿಯಲ್ಲಿ ನಾಲ್ಕು ಕಪಾಟುಗಳು ಎರಡರ ಮೇಲೆರಡರಂತೆ ಮಲಗಿದವು. ಹಿಂಬಾಗಿಲು ಬೆರಳಿನಲ್ಲಿ ನೂಕಿದರೆ ಮುಚ್ಚಿತು. ಯಾವ ಕೋಣೆಗೆ ಯಾವ ಕಪಾಟು ಎಂದು ತೋರಿಸಲು ಹೆಂಡತಿ ನನಗಿಂತ ಮುಂಚೆ ಹಾಸ್ಟೆಲ್ಲಿನಲ್ಲಿರಬೇಕಿತ್ತು. ಕೆರೆಯ ದಾರಿಯಲ್ಲೇ ಹಾಸ್ಟೆಲ್ಲು, ಆದ್ದರಿಂದ ಅವಳು ಅಣ್ಣನ ಜೊತೆ ಹೊರಟಳು. ನಾನು ಕರುಗಳ ವಾಸನೆಯಲ್ಲಿ, ಬೆವರು ಸುರಿಸಿಕೊಂಡು ಹಿಂದಿನಿಂದ ಹೊರಟೆ.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಪಕ್ಕದಲ್ಲಿ ಒಂದು ಕಡುನೀಲಿ ಗಾಡಿ ಸದ್ದಿಲ್ಲದೆ ನಿಂತಿತ್ತು. ಯಾರದೋ ಭಾಗ್ಯ ಎಂದುಕೊಂಡು ಕತ್ತೆತ್ತಿ ನೋಡಿದರೆ, ನನ್ನದೇ. ಹಿಂದಿನ ಸೀಟಿನಲ್ಲಿ ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು. ಮುಂದೆ ಭಾವ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದರು. ಅವರ ಪಕ್ಕ ನನ್ನ ಹೆಂಡತಿ, ತಣ್ಣನೆಯ ಗಾಳಿಗೆ ಅವಳ ಮುಂಗೂದಲು ಹಾರಾಡುತ್ತಿತ್ತು. ನಾನು ಕೈಬೀಸಿದೆ. ಅವಳ ಕಿಟಕಿ ತಾನಾಗಿಯೇ ಕೆಳಗಿಳಿಯಿತು. ಅವಳು ತಲೆ ಹೊರಗೆ ಹಾಕಿ, ನನ್ನ ಗಾಡಿಯನ್ನು ಚಕ್ರದಿಂದ ಮೇಲಿನವರೆಗೆ ಒಮ್ಮೆ ನೋಡಿದಳು.

"ರೀ, ಸ್ವಲ್ಪ ನಿಧಾನವಾಗಿ ಬನ್ನಿ" ಎಂದಳು. "ಅಣ್ಣನ ಗಾಡಿ ಅದು."