ಇಪ್ಪತ್ನಾಲ್ಕು ಗಂಟೆಯ ಸಾಲು

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನದು ಗಡುವು ಕೊಡುವ ಚಟ. ಇಸ್ತ್ರಿಯವನಿಗೆ, ಪ್ಲಂಬರನಿಗೆ, ಹೆಂಡತಿಯ ಉಪ್ಪಿಟ್ಟಿಗೆ ಕೂಡ ಗಡುವು ಕೊಟ್ಟಿದ್ದೇನೆ. “ಗಣಪತಿಗೆ ಹರಕೆ ಹೊತ್ರೂ ಇಷ್ಟು ದಿನದೊಳಗೆ ಅಂತ ಹೇಳ್ತಾರೆ ಇವ್ರು” ಎಂದು ಆಕೆ ನೆಂಟರ ಮುಂದೆ ಆಡಿಕೊಂಡರೆ, ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಯಶವಂತಪುರದಲ್ಲಿ ಮೋಟಾರು ಬಿಡಿಭಾಗ ಮಾರುವ ನಮ್ಮ ಆಫೀಸಿನಲ್ಲಿ ನಾನು ಸೂಪರ್‌ವೈಸರ್. ನನ್ನ ಮೇಲ್‌ಗಳಿಗೆ ಯಾರೂ ಬೇಗ ಉತ್ತರಿಸುತ್ತಿರಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಫರೀದಾಳನ್ನು ಕರೆದು, ಪ್ರತಿ ಮೇಲ್‌ನ ಕೊನೆಗೂ ತಾನಾಗಿಯೇ ಬೀಳುವಂತೆ ಒಂದು ಸಾಲು ಹಾಕಿಸಿದೆ: ‘ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರಿಸದಿದ್ದರೆ ಮೇಲಧಿಕಾರಿಗಳಿಗೆ ದೂರು ನೀಡಲಾಗುವುದು.’

“ಡಿಫಾಲ್ಟ್ ಬೇಡ ಸರ್. ಎಲ್ಲಾ ಮೇಲ್‌ಗೂ ಅಂಟ್ಕೊಳ್ಳತ್ತೆ. ಬೇಕಾದಾಗ ಹಾಕ್ಕೊಳ್ಳಿ” ಎಂದಳು.

“ಬೇಕಾದಾಗ್ಲೇ ಮರ್ತೋಗತ್ತೆ ಕಣಮ್ಮಾ. ಇದ್ರೇನು ಗಂಟು ಹೋಗತ್ತೆ?” ಎಂದೆ. ವಾರವಿಡೀ ವಾದ ನಡೆಯಿತು. ಗೆದ್ದವನು ನಾನು, ಸೂಪರ್‌ವೈಸರ್ ಅಲ್ಲವೇ?

ತಿಂಗಳ ಮೇಲೆ ಫರೀದಾಳ ತಂದೆ ತೀರಿಕೊಂಡರು. ರಜೆ ಕೇಳಿ ಎರಡು ಸಾಲು ಬರೆದಿದ್ದಳು. ನಾನು ಅರ್ಧ ಗಂಟೆ ಯೋಚಿಸಿ, ಅಳಿಸಿ, ತಿದ್ದಿ, ಸಮಾಧಾನದ ಮಾತು ಬರೆದು ಕಳಿಸಿದೆ. ಚೆನ್ನಾಗಿ ಬರೆದೆನೆಂಬ ಹೆಮ್ಮೆಯೂ ಆಯಿತು. ಈಗ ಹೇಳಲು ನಾಚಿಕೆ. ಮರುದಿನ ಬೆಳಿಗ್ಗೆ ಅವಳ ಉತ್ತರ ಬಂತು: ‘ಸರ್, ನಿಮ್ಮ ಮೇಲ್ ತಲುಪಿತು. ಮನೆಯವರು ಅಬ್ಬಾ ಅವರನ್ನು ಮಣ್ಣು ಮಾಡಿ ಬಂದಿದ್ದಾರೆ. ಉತ್ತರ ತಡವಾಗಿದ್ದರೆ ಕ್ಷಮಿಸಿ.’

ತಡದ ಮಾತು ಯಾಕೆ ಬಂತೆಂದು ಕೆಳಗೆ ನೋಡಿದೆ. ನನ್ನ ಸಮಾಧಾನದ ಮಾತುಗಳ ಅಡಿಯಲ್ಲಿ ಆ ಸಾಲು ಕೂತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಂದೇ ಆರ್.ಟಿ. ನಗರದ ಅವಳ ಮನೆಗೆ ಓಡಿದೆ. ಅವಳಣ್ಣ ಕುರ್ಚಿ ಹಾಕಿ, “ನೀವೇನಾ ಸರ್? ಮನೆ ತುಂಬಾ ಜನ, ಇವ್ಳು ಮೂಲೇಲಿ ಫೋನ್ ಹಿಡ್ಕೊಂಡ್ ಕೂತಿದ್ಲು. ಏನೋ ಅರ್ಜೆಂಟ್ ಜವಾಬು ಅಂದ್ಲು” ಎಂದ. ಕ್ಷಮೆ ಕೇಳಲೆಂದು ಹೋದವನು ಅವರು ಕೊಟ್ಟ ನೀರು ಕುಡಿದು ಎದ್ದು ಬಂದೆ.

ಅವಳು ಕೆಲಸಕ್ಕೆ ಮರಳಿದ ದಿನ, “ಆ ಸಾಲು ತೆಗ್ದುಬಿಡಮ್ಮಾ” ಎಂದೆ, ಮುಖ ನೋಡದೆ.

“ಇರ್ಲಿ ಬಿಡಿ ಸರ್. ಅದಿದ್ರೇನೇ ಎಲ್ರೂ ಉತ್ರ ಕೊಡೋದು” ಎಂದಳು. ಅವಳ ದನಿಯಲ್ಲಿ ವ್ಯಂಗ್ಯ ಹುಡುಕಿದೆ; ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕೊನೆಗೆ ನಾನೇ ತಡಕಾಡಿ ಅದನ್ನು ಅಳಿಸಿದೆ. ಅಂದಿನಿಂದ ನನ್ನ ಮೇಲ್‌ಗಳಿಗೆ ಮತ್ತೆ ಯಾರೂ ಬೇಗ ಉತ್ತರಿಸುವುದಿಲ್ಲ. ಯಾಕೆಂದು ಕೇಳುವ ಮುಖ ನನಗೂ ಉಳಿದಿಲ್ಲ.